ಟೇಬಲ್ ತಾನಾಗೇ ಬರಂಗಿಲ್ಲ

ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ವಾರ ಏನು ಕೆಲಸ ಕೊಡ್ತಾರೆ, ಗೊತ್ತಲ್ಲ? “ಡೇಟಾಬೇಸ್‌ನಾಗ ಇರೋದನ್ನ ಒಂದು ಟೇಬಲ್ ಮಾಡಿ ಪುಟದ ಮೇಲೆ ತೋರ್ಸು.” ಅಷ್ಟೇ. ಜ್ಯಾಂಗೋ ಇರಲಿ, ಲಾರಾವೆಲ್ ಇರಲಿ, ಡಾಟ್‌ನೆಟ್ ಇರಲಿ, ನಾಲ್ಕು ಸಾಲಿನ ಲೂಪ್. ಒಂದು ರೆಕಾರ್ಡಿಗೆ ಒಂದು ಸಾಲು, ಒಂದು ಫೀಲ್ಡಿಗೆ ಒಂದು ಮನೆ. ಮಧ್ಯಾಹ್ನದ ಊಟದೊಳಗೆ ಮುಗೀತದೆ. ಸೀನಿಯರ್ ಬಂದು ನೋಡ್ತಾನೆ, “ಬಂತಲ್ಲ, ಮುಂದಿಂದು ಹಿಡಿ” ಅಂತಾನೆ. ಟೇಬಲ್ ಅಂದ್ರೆ ತಾನಾಗೇ ಬರೋ ವಸ್ತು ಅಂತ ನಮ್ಮ ಜನ ನಂಬಿದ್ದಾರೆ. ಈ ನಂಬಿಕೆ ತಪ್ಪು, ಮತ್ತು ಇದರಿಂದ ಊರ ಮಂದಿಗೆ ನಷ್ಟ ಆಗ್ತಾ ಇದೆ ಅನ್ನೋದು ನನ್ನ ತಕರಾರು.

ನಷ್ಟದಿಂದಲೇ ಶುರು ಮಾಡ್ತೀನಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಬಂದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲ್ಲೂಕಿನ ನದಿ ದಂಡೆಯ ಊರುಗಳಿಗೆ ಏನಾಯ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಾಯಬಾಗ ತಾಲ್ಲೂಕಿನ ನಮ್ಮ ಕಾಕಾನ ಮನೆಯ ಹಿತ್ತಲ ಗೋಡೆ, ದನದ ಕೊಟಗಿ ಎರಡೂ ಕುಸಿದವು. ಕೆಲವು ತಿಂಗಳು ಬಿಟ್ಟು ಯಾರೋ ಮೊಬೈಲಿನಲ್ಲಿ ಒಂದು ಪುಟ ತೆರೆದು ಕೊಟ್ಟರಂತೆ, ಪರಿಹಾರದ ಪಟ್ಟಿ. ಕಾಕಾ ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಓದಿದ. ಮುಗೀತು. ಅವತ್ತು ರಾತ್ರಿ ನನಗೆ ಫೋನ್.

“ತಮ್ಮಾ, ನಮ್ಮ ಹೆಸರ ಇಲ್ಲಪಾ ಅದರಾಗ. ಹೋಗ್ಲಿ ಬಿಡು.”

ನಾನೂ ಬಿಟ್ಟೆ. ಅದು ನನ್ನ ತಪ್ಪು. ದೀಪಾವಳಿಗೆ ಊರಿಗೆ ಹೋದಾಗ ಸುಮ್ಮನೆ ಅದೇ ಪುಟ ತೆಗೆದು ನೋಡಿದೆ. ಕಾಕಾ ಓದಿದ್ದು ಹತ್ತೇ ಹೆಸರು. ಪಟ್ಟಿ ಇನ್ನೂ ಎಷ್ಟೋ ಪುಟ ಇತ್ತು. ಕೆಳಗೆ ಸಣ್ಣಕೆ, ಬೂದು ಬಣ್ಣದಲ್ಲಿ, ಬೆರಳಿಗೂ ಸಿಗದ ಹಾಗೆ 1, 2, 3 ಅಂತ ಅಂಕಿಗಳು. ಐದನೇ ಪುಟದಲ್ಲಿ ಕಾಕಾನ ಹೆಸರಿತ್ತು.

ಹತ್ತೇ ಯಾಕೆ? ಯಾವ ಅಧಿಕಾರಿಯೂ ಹತ್ತು ಅಂತ ಹೇಳಿರಲಿಕ್ಕಿಲ್ಲ. ಯಾವ ರೈತನೂ ಕೇಳಿರಲಿಕ್ಕಿಲ್ಲ. ಡಾಟ್‌ನೆಟ್‌ನ ಗ್ರಿಡ್‌ವ್ಯೂ ಅನ್ನೋ ಸಿದ್ಧ ಟೇಬಲ್‌ನಲ್ಲಿ ಪುಟ ಮಾಡು ಅಂದರೆ, ಎಷ್ಟು ಅಂತ ನಾವು ಹೇಳದಿದ್ದಾಗ ಅದು ಹತ್ತು ಸಾಲು ಕೊಡ್ತದೆ. ಜೆಕ್ವೆರಿಯ ಡೇಟಾಟೇಬಲ್ಸ್ ಹಾಕಿದರೂ ಮೊದಲಿಗೆ ಹತ್ತೇ. ಎಲ್ಲೋ ಒಬ್ಬ ಪ್ರೋಗ್ರಾಮರ್ ಯಾವುದೋ ಕಾಲದಲ್ಲಿ ಆರಿಸಿದ ಅಂಕಿ, ಯಾರೂ ಬದಲಿಸದೇ ಇದ್ದದ್ದಕ್ಕೆ ಕೃಷ್ಣಾ ದಂಡೆಯಲ್ಲಿ ಒಬ್ಬ ಮನುಷ್ಯ ತನ್ನ ಹಕ್ಕಿನ ದುಡ್ಡಿನ ಆಸೆ ಬಿಟ್ಟ. ಇನ್ನೊಂದು ಕೇಳಿ. ಹಳೇ ಗ್ರಿಡ್‌ವ್ಯೂನಲ್ಲಿ ಎರಡನೇ ಪುಟಕ್ಕೆ ಅದರದೇ ಆದ ವಿಳಾಸ ಇರೋದಿಲ್ಲ. ಅಂಕಿ ಒತ್ತಿದರೆ ಇಡೀ ಪುಟ ಮತ್ತೆ ಸರ್ವರಿಗೆ ಹೋಗಿ ಬರ್ತದೆ, ಮೇಲಿನ ವಿಳಾಸ ಮಾತ್ರ ಹಾಗೇ ನಿಂತಿರ್ತದೆ. ಅಂದ್ರೆ “ಕಾಕಾ, ನಿನ್ನ ಹೆಸರು ಇಲ್ಲಿದೆ ನೋಡು” ಅಂತ ಐದನೇ ಪುಟದ ಲಿಂಕನ್ನ ವಾಟ್ಸಾಪ್‌ನಲ್ಲಿ ಕಳಿಸೋಕೂ ಬರೋದಿಲ್ಲ. ನಾನು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ನಲವತ್ತೈವತ್ತು ಹೆಸರಿದ್ದ ಒಂದು ಊರಿನ ಪಟ್ಟಿಯನ್ನ ಒಂದೇ ಪುಟದಲ್ಲಿ ಇಟ್ಟಿದ್ದರೆ ಯಾವ ಸರ್ವರ್ ಮುಳುಗ್ತಿತ್ತು? ಊರೇ ಮುಳುಗಿತ್ತು.

ಹೆಸರು ಸಿಕ್ಕಿತು, ಸರಿ. ಕಥೆ ಅಲ್ಲಿಗೆ ಮುಗೀಲಿಲ್ಲ. ಕಾಕಾನ ಸಾಲಿನಲ್ಲಿ ಇನ್ನೂ ಆರು ಮನೆ ಇದ್ದವು. ತಲೆಬರಹಗಳು ಎಲ್ಲಾ ಇಂಗ್ಲಿಷಿನ ದೊಡ್ಡಕ್ಷರ, ಸ್ವರ ಕಿತ್ತು ಹಾಕಿ ಬರೀ ವ್ಯಂಜನ, ನಡುವೆ ಅಡಿಗೆರೆ. ಅದು ಇಂಗ್ಲಿಷೂ ಅಲ್ಲ, ಡೇಟಾಬೇಸ್ ಮಾಡಿದವನ ಗುಪ್ತಲಿಪಿ. ಕಡೇ ಕಾಲಮ್ಮಿನಲ್ಲಿ ‘2’ ಅಂತಿತ್ತು. ಎರಡು ಅಂದ್ರೆ ಏನು? ಎರಡು ಕಂತೋ, ಎರಡು ಗೋಡೆಯೋ, ಎರಡನೇ ಸಲದ ತಿರಸ್ಕಾರವೋ? ಕಚೇರಿಗೆ ಮೂರು ಸಲ ಹೋದ ಮೇಲೆ ಒಬ್ಬ ಪುಣ್ಯಾತ್ಮ ಹೇಳಿದ: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ಅದರ ಅರ್ಥ. ಈ ಅರ್ಥ ಬೇರೊಂದು ಟೇಬಲ್‌ನಲ್ಲಿ ಖಂಡಿತ ಇತ್ತು. ಅದನ್ನ ಜೋಡಿಸಿ ತೋರಿಸೋಕೆ ಒಂದು ಸಾಲು ಕೋಡ್ ಬೇಕಿತ್ತು, ಬರೀಲಿಲ್ಲ.

ಗ್ರಿಡ್‌ವ್ಯೂ 2005ರಲ್ಲಿ ಬಂದದ್ದು. ಅದರಲ್ಲಿ ‘ಕಾಲಮ್ಮುಗಳನ್ನ ನೀನೇ ಹುಟ್ಟಿಸು’ ಅನ್ನೋ ಒಂದು ಗುಣ ಇದೆ, ನಾವು ಮುಟ್ಟದಿದ್ದರೆ ಅದು ಯಾವಾಗಲೂ ‘ಹೌದು’. ಡೇಟಾಬೇಸ್‌ನಲ್ಲಿ ಯಾವ ಹೆಸರಿದೆಯೋ ಅದೇ ತಲೆಬರಹ, ಯಾವ ಕ್ರಮ ಇದೆಯೋ ಅದೇ ಕ್ರಮ. ಡೆಮೊ ಮಾಡೋಕೆ ಛಲೋ. ಡೆಮೊನೇ ಜನರ ಮುಂದೆ ಇಟ್ಟರೆ, ಪೂಜಾರಿ ಮಂತ್ರ ಬಿಟ್ಟು ಅಂಗಡಿಯ ಸಾಮಾನಿನ ಚೀಟಿ ಓದಿದ ಹಾಗೆ.

“ಹಳ್ಳಿ ಮಂದಿಗೆ ಟೇಬಲ್ ತಿಳಿಯಂಗಿಲ್ಲ ಬಿಡಿ” ಅಂತ ಒಬ್ಬ ಸಹೋದ್ಯೋಗಿ ನನಗೆ ಹೇಳಿದ. ಅವನಿಗೆ ಪಹಣಿ ತೋರಿಸಬೇಕು. ಕರ್ನಾಟಕದಲ್ಲಿ ಸಹಿ ಮಾಡಲು ಬರದ ರೈತನಿಗೂ ಪಹಣಿಯ 9ನೇ ಕಾಲಂ ಅಂದ್ರೆ ಯಾರ ಹೆಸರಿನಲ್ಲಿ ಹೊಲ ಅಂತ ಗೊತ್ತು. 11ನೇ ಕಾಲಂ ಅಂದ್ರೆ ಸಾಲ, ಬೋಜ. “ಹನ್ನೊಂದರಾಗ ಏನೂ ಇಲ್ಲಲ್ಲ?” ಅಂತ ಕೇಳಿಯೇ ಹೆಣ್ಣು ಕೊಡೋ ಮಂದಿ ನಮ್ಮವರು. 12ರಲ್ಲಿ ಬೆಳೆ. ಇದಕ್ಕಿಂತ ದಟ್ಟವಾದ ಟೇಬಲ್ ಜಗತ್ತಿನಲ್ಲಿ ಇನ್ನೊಂದಿಲ್ಲ, ಆದರೂ ನಮ್ಮ ಜನ ಅದನ್ನ ಬಾಯಿಪಾಠ ಮಾಡಿದ್ದಾರೆ. ಯಾಕಂದ್ರೆ ಅದನ್ನ ಗೆರೆ ಎಳೆದವರು ಪ್ರತಿ ಮನೆಗೂ ಒಂದು ಕೆಲಸ ಕೊಟ್ಟಿದ್ದರು, ಪ್ರತಿ ಮನೆಗೂ ಒಂದು ನಂಬರು ಕೊಟ್ಟಿದ್ದರು, ಅದನ್ನ ವರ್ಷಕ್ಕೊಂದು ಸಲ ಬದಲಿಸಲಿಲ್ಲ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರ ದಾಖಲೆ ಕಂಪ್ಯೂಟರಿಗೆ ಹೋದಾಗಲೂ ಆ ಕಾಲಂ ನಂಬರುಗಳನ್ನ ಹಾಗೇ ಉಳಿಸಿಕೊಂಡರು. ಭೂಮಿಯ ಮೇಲೆ ದೂರುಗಳು ಬೇಕಾದಷ್ಟಿವೆ, ಅದು ಬೇರೆ ಮಾತು. ಆದರೆ ತಲಾಟಿ ಕೈಬರಹದಲ್ಲಿ ಓದಿದವನು ಪ್ರಿಂಟ್ ಕಾಗದದಲ್ಲೂ ಅದೇ ಜಾಗಕ್ಕೆ ಬೆರಳು ಇಡಬಲ್ಲ. ತಿಳಿಯದೇ ಇರೋದು ಜನರಿಗಲ್ಲ.

ಫ್ರೇಮ್‌ವರ್ಕ್‌ಗಳನ್ನ ಬೈಯೋದೂ ನನ್ನ ಉದ್ದೇಶ ಅಲ್ಲ. ಲೂಪ್ ಬರುವ ಮೊದಲು ಇದೇ ಕೆಲಸವನ್ನ ಎಚ್‌ಟಿಎಂಎಲ್ ತುಂಡುಗಳನ್ನ ಅಂಟಿಸಿ ಅಂಟಿಸಿ ಮಾಡ್ತಿದ್ದೆವು. ಯಾರದೋ ಹೆಸರಿನಲ್ಲಿ ಒಂದು ಕೋನದ ಚಿಹ್ನೆ ಬಂದರೆ ಪುಟವೇ ಒಡೆದು ಹೋಗ್ತಿತ್ತು, ಕಿಡಿಗೇಡಿ ಇದ್ದರೆ ಅಲ್ಲೇ ಸ್ಕ್ರಿಪ್ಟ್ ತೂರಿಸ್ತಿದ್ದ. ಈಗ ಜ್ಯಾಂಗೋ, ಬ್ಲೇಡ್ ಎಲ್ಲಾ ಅದನ್ನ ತಾವೇ ತಡೀತವೆ. ಅಷ್ಟೇ ಅಲ್ಲ, ನಾನು ಇಲ್ಲಿ ಕೇಳ್ತಿರೋ ಎಲ್ಲದಕ್ಕೂ ಅವು ಮೊದಲೇ ಜಾಗ ಇಟ್ಟಿವೆ. ಜ್ಯಾಂಗೋದಲ್ಲಿ ಪ್ರತಿ ಫೀಲ್ಡಿಗೂ ‘ವರ್ಬೋಸ್ ನೇಮ್’ ಅಂತ ಇದೆ, ಅಲ್ಲಿ ಕನ್ನಡದಲ್ಲಿ ‘ಹಾನಿಯ ವರ್ಗ’ ಅಂತ ಒಂದು ಸಲ ಬರೆದಿಟ್ಟರೆ ಬೇಕಾದಲ್ಲೆಲ್ಲ ಅದನ್ನೇ ತಲೆಬರಹ ಮಾಡಬಹುದು. 2 ಅಂದ್ರೆ ಏನು ಅಂತ ‘ಚಾಯ್ಸಸ್’ನಲ್ಲಿ ಹೇಳಿದರೆ, ಅಂಕಿಯ ಬದಲು ಅರ್ಥ ತೋರಿಸುವ ಮೆಥಡ್ ತಾನೇ ತಯಾರಾಗ್ತದೆ. ಲೂಪಿಗೆ ಒಂದೂ ಸಾಲು ಸಿಗದಿದ್ದರೆ ಏನು ಹೇಳಬೇಕು ಅನ್ನೋದಕ್ಕೆ ಜ್ಯಾಂಗೋದಲ್ಲಿ ‘ಎಂಪ್ಟಿ’ ಇದೆ, ಲಾರಾವೆಲ್‌ನಲ್ಲಿ ‘ಫಾರ್‌ಎಲ್ಸ್’ ಇದೆ. ಎಷ್ಟು ಜನ ಬಳಸ್ತೀರಿ, ಎದೆ ಮುಟ್ಟಿ ಹೇಳಿ? ಖಾಲಿ ಪಟ್ಟಿ ಬಂದಾಗ ಬರೀ ತಲೆಬರಹದ ಪಟ್ಟೆ ತೋರಿಸಿ ಸುಮ್ಮನಾಗೋ ಪುಟಗಳೇ ಎಲ್ಲಾ ಕಡೆ. ನೋಡೋನಿಗೆ ನೆಟ್‌ವರ್ಕ್ ಹೋಯ್ತೋ, ತನ್ನ ಊರೇ ಪಟ್ಟಿಯಲ್ಲಿಲ್ಲವೋ, ಇನ್ನೂ ಸರ್ವೆ ಆಗಿಲ್ಲವೋ ಗೊತ್ತಾಗೋದಿಲ್ಲ.

ಖಾಲಿಗಿಂತ ಕೆಟ್ಟದ್ದು ಸೊನ್ನೆ. ಇಲ್ಲಿ ನನ್ನದೇ ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ತಾಲ್ಲೂಕುವಾರು ಅಂಕಿಅಂಶದ ಒಂದು ಪುಟ ಮಾಡಿದ್ದೆ. ಜನಸಂಖ್ಯೆ 2011ರ ಜನಗಣತಿಯಿಂದ, ಉಳಿದದ್ದು ಹೊಸ ಪಟ್ಟಿಯಿಂದ, ಎರಡನ್ನೂ ತಾಲ್ಲೂಕಿನ ಹೆಸರಿನ ಮೇಲೆ ಜೋಡಿಸಿದೆ. ಸಿಗದ ಕಡೆ ಸೊನ್ನೆ ಹಾಕು ಅಂತ ಕೋಡ್ ಬರೆದೆ, ಪುಟ ಚೊಕ್ಕ ಕಾಣಲಿ ಅಂತ. ಬಿಡುಗಡೆ ಆದ ಮೇಲೆ ನೋಡಿದರೆ ನಿಪ್ಪಾಣಿಯ ಜನಸಂಖ್ಯೆ 0, ಕಾಗವಾಡದ್ದು 0! ತಂಬಾಕಿನ ಪೇಟೆಯಲ್ಲಿ ನರಪಿಳ್ಳೆ ಇಲ್ಲ. 2011ರಲ್ಲಿ ಬೆಳಗಾವಿ ಜಿಲ್ಲೆಗೆ ಇದ್ದದ್ದು ಹತ್ತೇ ತಾಲ್ಲೂಕು. ನಿಪ್ಪಾಣಿ ಆಗ ಚಿಕ್ಕೋಡಿಯೊಳಗಿತ್ತು, ಕಾಗವಾಡ ಅಥಣಿಯೊಳಗಿತ್ತು, ಇವೆರಡೂ ಬೇರೆ ತಾಲ್ಲೂಕಾಗಿ ಕೆಲಸ ಶುರು ಮಾಡಿದ್ದು 2018ರಲ್ಲಿ. ಸೊನ್ನೆ ಕಣ್ಣಿಗೆ ಬಿತ್ತು, ಆದ್ದರಿಂದ ಬಚಾವಾದೆ. ಕಣ್ಣಿಗೆ ಬೀಳದ ತಪ್ಪು ಇನ್ನೊಂದಿತ್ತು: ಚಿಕ್ಕೋಡಿಯ ಸಾಲಿನಲ್ಲಿ ನಿಪ್ಪಾಣಿಯ ಜನರೂ ಸೇರಿಕೊಂಡಿದ್ದರು, ಆದರೆ ಅದೇ ಸಾಲಿನ ಶಾಲೆ, ಆಸ್ಪತ್ರೆಗಳ ಲೆಕ್ಕ ಮಾತ್ರ ಹೊಸ ಚಿಕ್ಕೋಡಿಯದು. ತಲೆಗೆ ಇಷ್ಟು ಅಂತ ಭಾಗಾಕಾರ ಮಾಡಿದ್ದರೆ ಎರಡೂ ತಾಲ್ಲೂಕಿಗೆ ಅನ್ಯಾಯ. ಲೂಪ್ ಇದನ್ನ ಹೇಳಲಿಲ್ಲ, ಹೇಳೋದೂ ಇಲ್ಲ. ‘ಇಲ್ಲ’ ಮತ್ತು ‘ಗೊತ್ತಿಲ್ಲ’ ಇವೆರಡೂ ಒಂದೇ ಅಲ್ಲ ಅಂತ ಪ್ರೋಗ್ರಾಮರ್ ತಾನೇ ನಿರ್ಧರಿಸಿ, ಎರಡಕ್ಕೂ ಬೇರೆ ಬೇರೆ ಗುರುತು ಹಾಕಬೇಕು.

ಹೆಸರಿನ ಮೇಲೆ ಜೋಡಿಸೋ ಬುದ್ಧಿಗೇಡಿತನದ್ದು ಇನ್ನೊಂದು ಮುಖ ಇದೆ, ನಮ್ಮ ಗಡಿ ಭಾಗದಲ್ಲಿ ಅದು ದಿನದ ತಲೆನೋವು. ಅಥಣಿಯನ್ನ ಇಂಗ್ಲಿಷಿನಲ್ಲಿ ಎರಡು ಥರ ಬರೀತಾರೆ, ರಾಯಬಾಗವನ್ನೂ, ನಿಪ್ಪಾಣಿಯನ್ನೂ. ಅಡ್ಡಹೆಸರು ಮರಾಠಿ ದಾಖಲೆಯಲ್ಲಿ ಒಂದು ಥರ, ಕನ್ನಡದಲ್ಲಿ ಇನ್ನೊಂದು. ಪಾಟೀಲ, ಪಾಟೀಲ್ ಎರಡೂ ಒಂದೇ ಮನೆಯ ಅಣ್ಣತಮ್ಮಂದಿರು, ಎರಡನೆಯವನ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆಯೂ ಕೂತಿರಬಹುದು. ಆದರೆ ನನ್ನನ್ನ ಎರಡು ದಿನ ಕಾಡಿದ್ದು ಚಿಕ್ಕೋಡಿ. ಪುಟದ ಹುಡುಕು ಪೆಟ್ಟಿಗೆಯಲ್ಲಿ ಅಥಣಿ ಹಾಕಿದರೆ ಬರ್ತದೆ, ರಾಯಬಾಗ ಬರ್ತದೆ, ಕಾಗವಾಡ, ನಿಪ್ಪಾಣಿ ಬರ್ತವೆ. ಚಿಕ್ಕೋಡಿ ಹಾಕಿದರೆ ಅರ್ಧ ಸಾಲು ಮಾತ್ರ. ಪರದೆಯ ಮೇಲೆ ಎಲ್ಲಾ ಚಿಕ್ಕೋಡಿಯೂ ಒಂದೇ ಥರ ಕಾಣ್ತವೆ. ಕಾರಣ ಆ ‘ಕೋ’. ಯೂನಿಕೋಡ್‌ನಲ್ಲಿ ಓತ್ವದ ದೀರ್ಘವನ್ನ ಒಂದೇ ಸಂಕೇತವಾಗಿಯೂ ಬರೀಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಬರೀಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಐದು ತಾಲ್ಲೂಕಿನಲ್ಲಿ ಈ ಅಕ್ಷರ ಇರೋದು ಚಿಕ್ಕೋಡಿಗೆ ಮಾತ್ರ. ಊರುಗಳಲ್ಲಿ ನೋಡಿದರೆ ಅಕ್ಕೋಳ, ಕಲ್ಲೋಳ, ಭೋಜ, ಬೋರಗಾಂವ ಎಲ್ಲವೂ ಇದೇ ಬಲೆಯಲ್ಲಿ. ಡೇಟಾ ಒಳಗೆ ತೊಗೊಳ್ಳೋವಾಗ, ಹುಡುಕೋವಾಗ ಎರಡೂ ಕಡೆ ಒಂದೇ ರೂಪಕ್ಕೆ ತರುವ ಒಂದು ಸಾಲು ಹಾಕಿದರೆ ಮುಗೀತು, ಪೈಥಾನ್‌ನಲ್ಲಿ ಅದು ಮೊದಲಿಂದ ಸಿದ್ಧ ಇದೆ. ಅಕಾರಾದಿ ಜೋಡಿಸೋವಾಗಲೂ ಇಂಥದ್ದೇ: ಬರೀ ಸಂಕೇತಸಂಖ್ಯೆಯ ಮೇಲೆ ವಿಂಗಡಿಸಿದರೆ ‘ಳ’ ಹೋಗಿ ‘ವ’ಗಿಂತ ಮೊದಲು ಕೂರ್ತದೆ, ವರ್ಣಮಾಲೆಯಲ್ಲಿ ಕಲಿತವನು ಕೊನೆಯಲ್ಲಿ ಹುಡುಕ್ತಾನೆ. ಇಂಗ್ಲಿಷ್ ಹೆಸರುಗಳಿಂದ ಟೆಸ್ಟ್ ಮಾಡಿದವನಿಗೆ ಇವು ಯಾವುವೂ ಕಾಣೋದಿಲ್ಲ.

ಈಗ ಮಳೆಗಾಲಕ್ಕೆ ಬನ್ನಿ. ಜುಲೈ, ಆಗಸ್ಟ್‌ನಲ್ಲಿ ಈ ಭಾಗದ ಪ್ರತಿ ಮೊಬೈಲಿನಲ್ಲೂ ಓಡಾಡೋದು ಒಂದೇ ಟೇಬಲ್: ಕೊಯ್ನಾದಲ್ಲಿ ಎಷ್ಟು, ರಾಜಾಪುರ ಬ್ಯಾರೇಜಿನಿಂದ ಎಷ್ಟು, ದೂಧಗಂಗೆಯಿಂದ ಎಷ್ಟು, ಹಿಪ್ಪರಗಿ ಎಷ್ಟು, ಆಲಮಟ್ಟಿ ಎಷ್ಟು. ಕಲ್ಲೋಳ–ಯಡೂರ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ, ಜತ್ರಾಟ–ಭಿವಶಿ, ಮಲಿಕವಾಡ–ದತ್ತವಾಡ, ಇವೆಲ್ಲ ಕೆಳಮಟ್ಟದ ಸೇತುವೆಗಳು, ನೀರು ಏರಿದರೆ ಮುಳುಗ್ತವೆ. ಆ ಟೇಬಲ್ ನೋಡಿಯೇ ಮಂದಿ ಎಮ್ಮೆ ಬಿಚ್ಚೋದು, ಪಂಪ್‌ಸೆಟ್ ಮೇಲೆ ತರೋದು. ಅಂಥ ಟೇಬಲ್‌ನಲ್ಲಿ ಕಾಲಮ್ಮಿನ ಮೇಲೆ ಏನಿರ್ತದೆ? ‘ಹೊರಹರಿವು’. ಯಾವ ಮಾನದಲ್ಲಿ? ನಮ್ಮ ರಾಜ್ಯಗಳು ಕ್ಯೂಸೆಕ್ ಅಂತಾವೆ, ಕೇಂದ್ರ ಜಲ ಆಯೋಗ ಕ್ಯೂಮೆಕ್ ಅಂತದೆ. ಒಂದು ಕ್ಯೂಮೆಕ್ ಅಂದ್ರೆ 35 ಕ್ಯೂಸೆಕ್‌ಗಿಂತ ಸ್ವಲ್ಪ ಜಾಸ್ತಿ. 1,500 ಅಂತ ಬರೆದಿದ್ದನ್ನ ಕ್ಯೂಸೆಕ್ ಅಂತ ಓದಿದರೆ ಹಳ್ಳದ ನೀರು, ಕ್ಯೂಮೆಕ್ ಆಗಿದ್ದರೆ ಹತ್ತಿರ ಹತ್ತಿರ 53,000 ಕ್ಯೂಸೆಕ್, ಕೆಳಗಿನ ಸೇತುವೆ ಹೋಯ್ತು ಅಂತಲೇ. ಸಂಗ್ರಹ ಅಂತ ಇನ್ನೊಂದು ಕಾಲಂ: ಕೊಯ್ನಾ 105.25 ಟಿಎಂಸಿ ಹಿಡೀತದೆ, ಆಲಮಟ್ಟಿ 123.08. ಬರೀ 98 ಅಂತ ತೋರಿಸಿದರೆ ಒಂದರಲ್ಲಿ ಇನ್ನೇನು ತುಂಬಿತು, ಇನ್ನೊಂದರಲ್ಲಿ ಇನ್ನೂ ಜಾಗ ಇದೆ. ಪೂರ್ಣ ಸಾಮರ್ಥ್ಯ ಪಕ್ಕದಲ್ಲೇ ಇರಬೇಕಲ್ಲ? ಮತ್ತೆ ಎಷ್ಟು ಗಂಟೆಯ ಅಂಕಿ ಇದು? ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಬೆಳಿಗ್ಗೆಯ ಅಂಕಿಯನ್ನ ರಾತ್ರಿ ನೋಡೋದೂ ನಿನ್ನೆ ಪೇಪರ್ ಓದೋದೂ ಒಂದೇ ಅಲ್ಲ.

ಎಚ್‌ಟಿಎಂಎಲ್‌ನಲ್ಲಿ ಇದಕ್ಕೆಲ್ಲ ಜಾಗ ಇಲ್ಲವೇ? ಟೇಬಲ್ಲಿಗೆ ‘ಕ್ಯಾಪ್ಷನ್’ ಅಂತ ಒಂದು ಟ್ಯಾಗ್ ಇದೆ. ಯಾವ ದಿನದ್ದು, ಎಷ್ಟು ಗಂಟೆಯದು, ಯಾರ ಅಂಕಿ ಅಂತ ಬರೆಯೋ ಜಾಗ ಅದು. ತಲೆಬರಹಕ್ಕೆ ಬೇರೆ ಟ್ಯಾಗ್ ಇದೆ, ಅದು ಕಾಲಮ್ಮಿನದೋ ಸಾಲಿನದೋ ಅಂತ ಹೇಳೋ ‘ಸ್ಕೋಪ್’ ಇದೆ. ಅದನ್ನ ಹಾಕಿದರೆ ಕಣ್ಣು ಕಾಣದವರ ಮೊಬೈಲ್ ಬರೀ “ನಲವತ್ತೆರಡು ಸಾವಿರ” ಅನ್ನೋ ಬದಲು “ರಾಜಾಪುರ, ಹೊರಹರಿವು, ನಲವತ್ತೆರಡು ಸಾವಿರ” ಅಂತ ಓದಬಲ್ಲದು. ಇವೆಲ್ಲ 1997ರ ಎಚ್‌ಟಿಎಂಎಲ್ 4ರಲ್ಲೇ ಬಂದು ಕೂತಿವೆ. ನಮ್ಮ ತಂಡದ ಹೊಸ ಹುಡುಗನಿಗಿಂತ ಹಿರಿಯ ಟ್ಯಾಗುಗಳು. ಅದನ್ನ ಬಿಟ್ಟು ನಾವು ಎಕ್ಸೆಲ್ ತೆರೆದು, ಅದರ ಫೋಟೋ ಹೊಡೆದು, ಆ ಫೋಟೋವನ್ನ ಪುಟಕ್ಕೆ ಹಾಕ್ತೀವಿ. ಆ ಫೋಟೋದಲ್ಲಿ ಹುಡುಕೋದು ಹೇಗೆ, ಓದಿಸೋದು ಹೇಗೆ, ಹೋದ ವರ್ಷದ ಅಂಕಿಯ ಜೊತೆ ಹೋಲಿಸೋದು ಹೇಗೆ?

“ಟೆಂಡರ್‌ನಲ್ಲಿ ಇದೆಲ್ಲ ಇಲ್ಲ ಸರ್” ಅಂತ ಹೇಳೋರಿದ್ದಾರೆ. ಒಪ್ಪಿದೆ, ಇರೋದಿಲ್ಲ. ಟೆಂಡರ್ ಬರೆದವರು ‘ವರದಿ ತೋರಿಸುವುದು’ ಅಂತ ಎರಡು ಶಬ್ದ ಬರೆದು ಕೈತೊಳೆದಿರ್ತಾರೆ. ಹುಡುಗನಿಗೆ ಒಂದು ವಾರದಲ್ಲಿ ಇಂಥ ಮೂವತ್ತು ವರದಿ ಮುಗಿಸು ಅಂದಿರ್ತಾರೆ, ಅವನನ್ನ ಬೈದು ಪ್ರಯೋಜನ ಇಲ್ಲ. ಆದರೆ ಟೆಂಡರ್‌ನಲ್ಲಿ ‘ಹತ್ತೇ ಸಾಲು ತೋರಿಸು’ ಅಂತಲೂ ಇರಲಿಲ್ಲ, ‘ಸ್ವರಗಳನ್ನ ಕಿತ್ತುಹಾಕು’ ಅಂತಲೂ ಇರಲಿಲ್ಲ. ಅವನ್ನ ನಾವು ಮಾಡಿದೆವು, ಯಂತ್ರದ ಕೈಯಲ್ಲಿ ಮಾಡಿಸಿದೆವು. ಹೇಳದೇ ಕೆಟ್ಟದ್ದು ಮಾಡೋಕೆ ಬರೋದಾದರೆ, ಹೇಳದೇ ಛಲೋದು ಮಾಡೋಕೆ ಯಾಕೆ ಬರೋದಿಲ್ಲ? ತಲೆಬರಹ ಕನ್ನಡದಲ್ಲಿ ಬರೆಯೋಕೆ ಮೂವತ್ತು ವರದಿಗೂ ಸೇರಿ ಒಂದು ದಿನ ಬೇಕು. ಆ ಒಂದು ದಿನ ಉಳಿಸಿದ್ದಕ್ಕೆ ಕಚೇರಿಯ ಕಟ್ಟೆಯ ಮೇಲೆ ಎಷ್ಟು ಮಂದಿಯ ಎಷ್ಟು ದಿನ ಹೋಯ್ತು ಅಂತ ಯಾವ ಪ್ರಾಜೆಕ್ಟ್ ಮ್ಯಾನೇಜರೂ ಲೆಕ್ಕ ಹಾಕೋದಿಲ್ಲ.

ಇನ್ನೊಂದು ಜಾತಿಯವರು ಡಿಸೈನರ್‌ಗಳು. ಅವರ ಪ್ರಕಾರ ಟೇಬಲ್ಲೇ ಹಳೇದಾಯ್ತು, ಮೊಬೈಲಿನಲ್ಲಿ ಕಾರ್ಡ್ ಮಾಡಬೇಕು, ಒಂದು ಹೆಸರಿಗೆ ಒಂದು ಗುಂಡುಮೂಲೆಯ ಪೆಟ್ಟಿಗೆ. ಒಬ್ಬನೇ ತನ್ನ ವಿಷಯ ನೋಡೋದಾದರೆ ಸರಿ. ಆದರೆ ಪರಿಹಾರದ ಪಟ್ಟಿಯನ್ನ ಯಾರೂ ತಮ್ಮದೊಂದೇ ನೋಡೋಕೆ ತೆಗೆಯೋದಿಲ್ಲ. ಪೂರ್ತಿ ಬಿದ್ದ ಮನೆಗೆ ಆಗ 5 ಲಕ್ಷ ಅಂತ ಘೋಷಣೆ ಆಗಿತ್ತು, ಎ, ಬಿ, ಸಿ ಅಂತ ವರ್ಗ. ‘ಎ’ ಮತ್ತು ‘ಬಿ’ ನಡುವೆ ಒಂದು ಅಕ್ಷರದ ಅಂತರ, ಆದರೆ ಮನೆ ಎದ್ದು ನಿಲ್ಲೋದು ಬಿಡೋದು ಅದರ ಮೇಲೆ. ಬಿದ್ದ ಗೋಡೆಯವನಿಗೆ ‘ಬಿ’, ನಿಂತ ಗೋಡೆಯವನಿಗೆ ‘ಎ’ ಹೇಗೆ ಬಂತು ಅಂತ ಕೇಳಬೇಕಂದ್ರೆ ಎರಡೂ ಸಾಲು ಒಂದರ ಕೆಳಗೊಂದು ಇರಬೇಕು. ಮೇಲಿನಿಂದ ಕೆಳಗೆ ಕಣ್ಣು ಓಡಿಸಿ ಹೋಲಿಸೋಕೆ ಬಿಡೋದು ಟೇಬಲ್ ಒಂದೇ. ಕಾರ್ಡ್ ಮಾಡಿದರೆ ಪ್ರತಿಯೊಬ್ಬನೂ ತನ್ನ ಪೆಟ್ಟಿಗೆಯಲ್ಲಿ ಒಬ್ಬಂಟಿ. ಯಾರಿಗೆ ಅದು ಅನುಕೂಲ ಅಂತ ನೀವೇ ನೋಡಿ.

ನಾನೀಗ ಒಂದು ರೂಢಿ ಇಟ್ಟುಕೊಂಡಿದ್ದೇನೆ. ಯಾವ ಟೇಬಲ್ ಬಿಡುಗಡೆ ಮಾಡೋ ಮುಂಚೆಯೂ ಅದರ ನಡುವಿನ ಒಂದು ಸಾಲು ಆರಿಸಿ, ತಲೆಬರಹ ಸಮೇತ, ಕಾಕಾಗೆ ಫೋನಿನಲ್ಲಿ ಓದಿ ಹೇಳ್ತೀನಿ. ಅವನು “ಹ್ಞಾಂ, ಮುಂದ?” ಅಂದ್ರೆ ಪಾಸು. “ಏನಂದಿ?” ಅಂದ್ರೆ ಆ ಕಾಲಂ ವಾಪಸ್ ತಿದ್ದಲಿಕ್ಕೆ. ತಂಡದ ಹುಡುಗರು ಮೊದಮೊದಲು ನಕ್ಕರು, ಈಗ ಅವರವರ ಅವ್ವ, ಅಪ್ಪನಿಗೆ ಮಾಡ್ತಾರೆ. ಮೊನ್ನೆ ಒಬ್ಬಳ ಅವ್ವ “ಅದು ಕ್ವಿಂಟಲ್ಲೋ ಟನ್ನೋ?” ಅಂತ ಕೇಳಿ ಕಬ್ಬಿನ ಒಂದು ಇಡೀ ವರದಿಯನ್ನ ನಿಲ್ಲಿಸಿದಳು.

ಕಾಕಾನ ಖಾತೆಗೆ ಆಧಾರ್ ಜೋಡಣೆ ಮಾಡಿಸಿ ಬಂದೆವು. ಎರಡು ವಾರ ಬಿಟ್ಟು ಅವನೇ ಪುಟ ತೆಗೆದು, ಕೆಳಗಿನ ಬೂದು ಅಂಕಿ ಒತ್ತಿ, ಐದನೇ ಪುಟಕ್ಕೆ ಹೋಗಿ ನೋಡಿ ಫೋನ್ ಮಾಡಿದ. 2 ಇದ್ದ ಕಡೆ ಈಗ 4 ಬಂದಿದೆಯಂತೆ. 3 ಎಲ್ಲಿ ಹೋಯ್ತು ಅಂತ ನನ್ನನ್ನ ಕೇಳಿದ. ಮರುದಿನ ಮತ್ತೆ ಕಚೇರಿಗೆ ಹೋದ.